ರೇಡಿಯೋದ ಮೂರನೆಯ ಕಿವಿ

ಈಗ ನಮ್ಮ ಮನೆಯ ಸ್ಟೀರಿಯೋದ ಮುಖದ ಮೇಲೆ ಸಾಲಾಗಿ ಹತ್ತು ಕಡ್ಡಿಗಳಿವೆ. ಒಂದನ್ನು ಮೇಲಕ್ಕೆ ಸರಿಸಿದರೆ ತಬಲಾ ಎದೆಗೆ ಬಂದು ಗುದ್ದುತ್ತದೆ, ಇನ್ನೊಂದನ್ನು ಸರಿಸಿದರೆ ತಾಳ ಕಿವಿಗೆ ಚುಚ್ಚುತ್ತದೆ. ಮಗ ಒಂದು ನಮೂನೆ ಇಟ್ಟು ಹೋಗುತ್ತಾನೆ, ಸೊಸೆ ಬಂದು ಅದನ್ನು ಅಳಿಸಿ ತನ್ನ ನಮೂನೆ ಮಾಡುತ್ತಾಳೆ, ಮೊಮ್ಮಗಳು ಹತ್ತನ್ನೂ ಬಾದಾಮಿಯ ಗುಡ್ಡದ ಸಾಲಿನ ಹಾಗೆ ಏರಿಳಿಸಿ ಚಂದ ನೋಡುತ್ತಾಳೆ. ಹಾಡು ಮುಗಿದರೂ ಜಗಳ ಮುಗಿಯುವುದಿಲ್ಲ. ನಾನು ಕುರ್ಚಿಯಲ್ಲಿ ಕೂತು ನಗುತ್ತೇನೆ. ಯಾಕೆ ನಗುತ್ತೀ ಎಂದು ಕೇಳಿದರೆ ಹೇಳುವುದು ಉದ್ದ ಆಗುತ್ತದೆ. ಹತ್ತು ಕಡ್ಡಿ ಇಟ್ಟುಕೊಂಡು ಇವರು ಆಡುವ ಜಗಳವನ್ನು ನಾನೂ ನನ್ನ ಮಾವನವರೂ ಒಂದೇ ಒಂದು ಗುಂಡಿ ಇಟ್ಟುಕೊಂಡು ಆಡಿದವರು. ಅದೂ ಒಬ್ಬರಿಗೊಬ್ಬರು ಒಂದು ಮಾತನ್ನೂ ಆಡದೆ.

ಐವತ್ತರ ದಶಕದ ನಡುವಿನ ಮಾತು. ನಾನು ಬಾಗಲಕೋಟೆಯ ಹುಡುಗಿ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ, ಬಾಯಿಯೂ ಜೋರಿತ್ತು. ಇಳಕಲ್ಲಿಗೆ ಮದುವೆ ಮಾಡಿ ಕೊಡುವಾಗ ನಮ್ಮವ್ವ ಬಸ್ಸಿನ ಕಿಟಕಿಯ ಹತ್ತಿರ ಬಂದು, "ಸಾಮಾನೆಲ್ಲ ತಗೊಂಡು ಹೋಗವಾ, ಬಾಯಿ ಒಂದು ಇಲ್ಲೇ ಬಿಟ್ಟು ಹೋಗು" ಅಂದಿದ್ದಳು. ಪಕ್ಕದಲ್ಲಿ ಕೂತಿದ್ದ ನಮ್ಮವರು ಅದನ್ನು ಕೇಳಿಸಿಕೊಂಡು ಆಚೆ ಮುಖ ಮಾಡಿ ನಕ್ಕಿದ್ದರು. ನಮ್ಮವರು ಅಂದರೆ ನನ್ನ ಗಂಡ. ಹುನಗುಂದದ ಕೋರ್ಟಿನಲ್ಲಿ ಗುಮಾಸ್ತಿಕೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವವರು. ದಿನವಿಡೀ ವಾದಿ ಪ್ರತಿವಾದಿಗಳ ನಡುವೆ ಇದ್ದು ಬರುವುದರಿಂದ ಮನೆಯಲ್ಲಿ ಯಾರ ಪಕ್ಷವನ್ನೂ ಹಿಡಿಯುತ್ತಿರಲಿಲ್ಲ.

ನಾನು ಇಳಕಲ್ಲಿಗೆ ಕಾಲಿಟ್ಟಾಗ ಆ ಮನೆಯಲ್ಲಿ ನನಗಿಂತ ಮೊದಲೇ ಬಂದು ನೆಲೆಯಾಗಿದ್ದ ಒಂದು ರೇಡಿಯೋ ಇತ್ತು. ಮಾವನವರು ಕನ್ನಡ ಸಾಲಿಯ ಹೆಡ್ ಮಾಸ್ತರರಾಗಿ ನಿವೃತ್ತರಾದ ಮೇಲೆ ತಂದದ್ದು. ನಮ್ಮ ಓಣಿಗೆ ಆಗ ಕರೆಂಟು ಇರಲಿಲ್ಲ. ರೇಡಿಯೋದ ಹಿಂದೆ ಇಟ್ಟಂಗಿಯಷ್ಟು ದೊಡ್ಡ ಬ್ಯಾಟರಿ, ಮಾಳಿಗೆಯ ಮೇಲೆ ಎರಡು ಬಿದಿರಿನ ನಡುವೆ ಕಟ್ಟಿದ ತಂತಿ. ಪೆಟ್ಟಿಗೆಯ ಮೇಲೆ ಅತ್ತೆಯವರು ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಹೊಲಿದ ಮುಸುಕು. ರೇಡಿಯೋ ಹಚ್ಚುವಾಗ ಆ ಮುಸುಕನ್ನು ಮಾವನವರೇ ತೆಗೆಯಬೇಕು, ಮುಗಿದ ಮೇಲೆ ಅವರೇ ಹೊದಿಸಬೇಕು. ಹೊಸ ಮದುಮಗಳಿಗೂ ಅಷ್ಟು ಉಪಚಾರ ಇರಲಿಲ್ಲ ಎಂದು ನನಗೆ ಅನಿಸಿತ್ತು.

ಅದರ ಗುಂಡಿಗಳಿಗೆ ಆ ಮನೆಯಲ್ಲಿ ಕಿವಿ ಅನ್ನುತ್ತಿದ್ದರು. ಮಾಸ್ತರರ ಮನೆಯಲ್ಲಿ ಕಿವಿ ಹಿಂಡುವುದು ಹೊಸ ಕೆಲಸವೇನಲ್ಲವಲ್ಲ. ಮೂರು ಕಿವಿಗಳಿದ್ದವು. ಮೊದಲನೆಯದನ್ನು ಹಿಂಡಿದರೆ ರೇಡಿಯೋ ಎಚ್ಚರಾಗಿ ದನಿ ದೊಡ್ಡದಾಗುತ್ತಿತ್ತು. ಎರಡನೆಯದು ಊರು ಹುಡುಕುವುದಕ್ಕೆ. ಅದನ್ನು ತಿರುವಿ ಧಾರವಾಡಕ್ಕೋ ಮುಂಬಯಿಗೋ ಹೋಗಬೇಕು. ಮೂರನೆಯದು ಎಲ್ಲಕ್ಕಿಂತ ಸಣ್ಣದು. ಎಡಕ್ಕೆ ತಿರುವಿದರೆ ದನಿ ದಪ್ಪಗಾಗುತ್ತ ಹೋಗುತ್ತಿತ್ತು, ಬಲಕ್ಕೆ ತಿರುವಿದರೆ ತೆಳ್ಳಗೆ, ಚೊಕ್ಕಟ ಆಗುತ್ತಿತ್ತು. ಬಲಕ್ಕೆ ಪೂರಾ ಹೋದರೆ ದನಿಯ ಜೊತೆ ಸಾಸಿವೆ ಒಗ್ಗರಣೆಯ ಹಾಗೆ ಚಟಪಟ ಸದ್ದೂ ಬರುತ್ತಿತ್ತು.

ಈ ಮೂರನೆಯ ಕಿವಿ ಯಾವಾಗಲೂ ಎಡಕ್ಕೇ ಇರುತ್ತಿತ್ತು. ವಾರ್ತೆ ಓದುವವನು ನೆಲದಡಿಯ ಕಾಳಿನ ಹಗೇವಿನೊಳಗೆ ಇಳಿದು ಜೋಳದ ಮೇಲೆ ಕೂತು ಓದಿದ ಹಾಗೆ ಕೇಳುತ್ತಿತ್ತು. ಹೆಣ್ಣುಮಕ್ಕಳ ಹಾಡು ಬಂದರೆ ಹಾಡುವಾಕೆಗೆ ನೆಗಡಿಯಾಗಿದೆಯೋ ಏನೋ ಅನ್ನಿಸುತ್ತಿತ್ತು. ಸಂಜೆ ಓಣಿಯ ಗಂಡಸರು ವಾರ್ತೆಗೆ ಬಂದು ಸೇರುತ್ತಿದ್ದರು. ಕನ್ನಡ ಮಾತಾಡುವ ಸೀಮೆಯೆಲ್ಲ ಒಂದಾಗುವ ಸುದ್ದಿಗಾಗಿ ದಿನವೂ ಕಾಯುತ್ತಿದ್ದ ಕಾಲ ಅದು. ಎದುರು ಮನೆಯ ನೇಕಾರರು ಒಮ್ಮೆ ಧೈರ್ಯ ಮಾಡಿ, "ಮಾಸ್ತರ, ಮಾತು ಯಾಕೋ ಹಿಟ್ಟು ಹಿಟ್ಟು ಆಗೇತ್ರಿ" ಅಂದರು. ಮಾವನವರು, "ಗಂಭೀರ ಅದ ಅನ್ರಿ. ದೇಶದ ಸುದ್ದಿ ಅದು, ಸಂತಿ ಸುದ್ದಿ ಅಲ್ಲ" ಅಂದರು. ಅಲ್ಲಿಗೆ ಆ ಚರ್ಚೆ ಮುಗಿಯಿತು. ಮಾವನವರ ದನಿಯೇ ಖರ್ಜದ, ದಪ್ಪ ದನಿ. ತನ್ನ ಹಾಗೇ ಎಲ್ಲರೂ ಮಾತಾಡಬೇಕು ಅನ್ನುವ ಹಟ ಇರಬೇಕು ಎಂದು ನಾನು ತಿಳಿದೆ.

ತಿಳಿದದ್ದನ್ನು ಕೇಳುವ ಹಾಗಿರಲಿಲ್ಲ. ಸೊಸೆ ಮಾವನೆದುರು ನಿಲ್ಲಬಾರದು, ಮಾತಾಡಬಾರದು ಎಂಬುದು ಆಗಿನ ರಿವಾಜು. ಆದರೂ ಒಂದು ಸೂರಿನ ಕೆಳಗೆ ಇದ್ದ ಮೇಲೆ ಮಾತು ಬೇಕೇ ಬೇಕು. ಅದಕ್ಕೆ ಪಡಸಾಲೆಯಲ್ಲಿ ಒಂದು ಕಂಬ ಇತ್ತು. ಮಾವನವರು ಕಂಬವನ್ನು ನೋಡುತ್ತ, "ನೀರು ಕಾದಿದ್ರ ಸ್ನಾನಕ್ಕ ಏಳಬಹುದು" ಅನ್ನುತ್ತಿದ್ದರು. ನಾನು ಅಡಿಗೆ ಮನೆಯೊಳಗಿಂದ ಬಳೆ ಅಲುಗಿಸಿದರೆ ಹೌದು, ಸುಮ್ಮನಿದ್ದರೆ ಇನ್ನೂ ಇಲ್ಲ. ಬಳೆಯಿಂದ ಹೇಳಲಾಗದ ಉತ್ತರವನ್ನು ಅತ್ತೆಯವರಿಗೆ ಹೇಳುವಂತೆ ಗಟ್ಟಿಯಾಗಿ ಹೇಳಬೇಕು. ಅವರೂ ಅಷ್ಟೇ, ಗಂಡನ ಜೊತೆ ನಾಲ್ಕು ಜನರ ಮುಂದೆ ಎರಡು ಮಾತಿಗಿಂತ ಹೆಚ್ಚು ಆಡಿದವರಲ್ಲ. ಆ ಕಂಬಕ್ಕೆ ಬಾಯಿ ಬಂದಿದ್ದರೆ ಆ ಮನೆಯ ಪುರಾಣವನ್ನೆಲ್ಲ ಅದೇ ಹೇಳುತ್ತಿತ್ತು.

ಅತ್ತೆಯವರ ತವರು ಮಹಾಕೂಟದ ಹತ್ತಿರದ ಒಂದು ಸಣ್ಣ ಊರು. ಅಲ್ಲಿಂದ ಅವರು ತಂದ ಬಂಗಾರಕ್ಕಿಂತ ಹಾಡುಗಳೇ ಹೆಚ್ಚು. ಬೀಸುವ ಹಾಡು, ಹಸೆಗೆ ಕರೆಯುವ ಹಾಡು, ಎಲ್ಲಕ್ಕಿಂತ ಮಿಗಿಲಾಗಿ ತೊಟ್ಟಿಲ ಹಾಡು. ಓಣಿಯಲ್ಲಿ ಯಾರ ಮನೆಯಲ್ಲಿ ಕೂಸಿಗೆ ಹೆಸರಿಟ್ಟರೂ ತೊಟ್ಟಿಲಿಗಿಂತ ಮೊದಲು ಇವರಿಗೆ ಹೇಳಿ ಹೋಗುತ್ತಿದ್ದರು. ಇವರೂ ಅದಕ್ಕೆ ತಯಾರಾಗಿಯೇ ಇರುತ್ತಿದ್ದರು. ತೋಪು ತೆನೆ ಸೆರಗಿನ ಸೀರೆ ಉಟ್ಟು, ಎಡಗಡೆಯ ದವಡೆಯಲ್ಲಿ ಹಲ್ಲಿಲ್ಲದ್ದರಿಂದ ಬಲಗಡೆಗೆ ಒಂದು ಲವಂಗ ಒತ್ತಿಕೊಂಡು ಹೊರಟರೆಂದರೆ ನಡೆಯುವ ಗತ್ತೇ ಬೇರೆ. ನನ್ನನ್ನು ಮಗಳ ಹಾಗೆ ನೋಡಿಕೊಂಡರು. ಬೈಯುವುದನ್ನೂ ಮಗಳಿಗೆ ಬೈದ ಹಾಗೇ ಬೈಯುತ್ತಿದ್ದರು.

ಆದರೆ ಬೈಯುವ ವಿಷಯಗಳು ವಿಚಿತ್ರವಾಗಿದ್ದವು. "ಬೆಕ್ಕಿನ್ಹಂಗ ಬಂದು ಹಿಂದ ನಿಲ್ಲಬ್ಯಾಡ, ಎದಿ ಝಲ್ ಅಂತದ. ಬಳಿ ಸದ್ದು ಮಾಡ್ಕೋತ ಬಾ" ಅನ್ನುತ್ತಿದ್ದರು. ನನ್ನ ಎರಡೂ ಕೈ ತುಂಬ ಗಾಜಿನ ಬಳೆ. ನಾನು ಬರುವುದು ಆಚೆ ಓಣಿಗೂ ಕೇಳುತ್ತಿತ್ತು. ಒಂದು ದಿನ ಅಂಗಳದಲ್ಲಿ ಜೋಳ ಹಸನು ಮಾಡುತ್ತ, "ಈ ಗುಬ್ಬಿ ಎಲ್ಲಿ ಹೋದ್ವೋ ಏನೋ. ಮೊದಲ ಎಷ್ಟು ಗದ್ಲಾ ಮಾಡ್ತಿದ್ವು" ಅಂದರು. ಅವರ ತಲೆಯ ಮೇಲೆ ತೊಲೆಯ ಸಂದಿಯಲ್ಲಿ ಒಂದು ಹಿಂಡು ಗುಬ್ಬಿ ಪಂಚಾಯತಿ ನಡೆಸಿತ್ತು. ನಾನು ಮೇಲೆ ನೋಡಿದೆ, ಅವರ ಮುಖ ನೋಡಿದೆ. ಏನೂ ಹೇಳಲಿಲ್ಲ. ನಮ್ಮವ್ವ ಬಾಯಿ ಬಿಟ್ಟು ಹೋಗು ಅಂದದ್ದು ಅಂದು ಒಮ್ಮೆ ಉಪಯೋಗಕ್ಕೆ ಬಂತು.

ರೇಡಿಯೋದ ಹತ್ತಿರವಂತೂ ಅವರು ಸುಳಿಯುತ್ತಿರಲಿಲ್ಲ. "ಅದು ಗಂಡಸರ ಪೆಟ್ಟಿಗಿ. ಗುಡುಗುಡು ಅಂತದ, ನನಗ ಬ್ಯಾಡ" ಅಂದುಬಿಡುತ್ತಿದ್ದರು. ಹಾಡು ಅಂದರೆ ಜೀವ ಬಿಡುವ ಹೆಂಗಸು, ಮನೆಯಲ್ಲೇ ಹಾಡುವ ಪೆಟ್ಟಿಗೆ ಇಟ್ಟುಕೊಂಡು ಬೇಡ ಅನ್ನುವುದು ನನಗೆ ಸರಿಬರಲಿಲ್ಲ.

ಮಾವನವರು ಪಿಂಚಣಿಗೆ ಹುನಗುಂದಕ್ಕೆ ಹೋದ ಒಂದು ದಿನ ನನ್ನ ಕೈ ಸುಮ್ಮನಿರಲಿಲ್ಲ. ಮುಸುಕು ಎತ್ತಿ ರೇಡಿಯೋದ ಧೂಳು ಒರೆಸುವುದು ಮಾತ್ರ ನನ್ನ ಪಾಲಿನ ಕೆಲಸ. ಒರೆಸುವ ನೆಪದಲ್ಲಿ ಮೊದಲನೆಯ ಕಿವಿ ಹಿಂಡಿದೆ. ಯಾರೋ ಪೇಟೆ ಧಾರಣೆ ಹೇಳುತ್ತಿದ್ದ, ಎಂದಿನಂತೆ ಹಗೇವಿನೊಳಗಿಂದ. ಮೂರನೆಯದನ್ನು ಹಿಡಿದು ಬಲಕ್ಕೆ ಪೂರಾ ತಿರುವಿದೆ. ಅತ್ತೆಯವರು ನಡುಮನೆಯ ಹೊಸ್ತಿಲ ಹತ್ತಿರ ಕೂತು ಮೆಂತ್ಯೆ ಪಲ್ಯ ಸೋಸುತ್ತಿದ್ದರು. ತಲೆ ಎತ್ತಿದರು.

"ಹತ್ತಿ ಧಾರಣಿ ಇಳೀತಂತಲ್ಲ!" ಅಂದರು.

ರೇಡಿಯೋ ಆಡಿದ ಒಂದು ಮಾತನ್ನು ಅವರು ತಿರುಗಿ ಹೇಳಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ಮೆಲ್ಲಗೆ ಎಡಕ್ಕೆ ತಿರುವಿ, "ಈಗ ಏನಂತಾನ್ರಿ ಅತ್ತಿ?" ಅಂದೆ.

"ಈಗ ಅಂವಾ ಬಾಯಾಗ ಎಲಿ ಅಡಿಕಿ ಹಾಕ್ಕೊಂಡ."

ಬಲಕ್ಕೆ ತಿರುವಿದೆ. "ಈಗ?"

"ಈಗ ಉಗುಳಿ ಬಂದ. ಶೇಂಗಾದ ಧಾರಣಿ ಹೇಳಾಕತ್ಯಾನ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮತ್ತೆ ಮತ್ತೆ ತಿರುವಿ, ಆ ಪಾಪದ ಮನುಷ್ಯನ ಬಾಯಿಗೆ ಎಲೆ ಹಾಕಿದೆವು, ಉಗುಳಿಸಿದೆವು. ನಗು ನಿಂತ ಮೇಲೆ ಅತ್ತೆಯವರು ಪಲ್ಯದ ಕಡ್ಡಿಗಳನ್ನು ಒಂದೊಂದಾಗಿ ಒಟ್ಟುಮಾಡತೊಡಗಿದರು. ಅವರ ಗುಟ್ಟು ನನಗೆ ತಿಳಿದಿತ್ತು, ನನಗೆ ತಿಳಿದದ್ದು ಅವರಿಗೂ ತಿಳಿಯಿತು.

"ಸಣ್ಣ ಸದ್ದು ನನಗ ಬರವಲ್ದು" ಅಂದರು. "ದಪ್ಪಂದು ಬರ್ತದ, ಆದ್ರ ಮಾತು ಬಿಡಿಸಿ ಬರೂದಿಲ್ಲ. ಎದುರಿಗೆ ಕೂತು ಮಾತಾಡಿದ್ರ ಎಲ್ಲಾ ತಿಳೀತದ. ಇದನ್ನ ಯಾರ ಮುಂದನೂ ಆಡಬ್ಯಾಡವಾ. ಅವರ ಮುಂದಂತೂ ಬ್ಯಾಡೇ ಬ್ಯಾಡ."

"ಯಾಕ್ರಿ? ಹೇಳಿದ್ರ ಮಾವನವರು ತಿರುವಿ ಇಡ್ತಾರಲ್ಲ."

"ಅವರು ತಿರುವ್ತಾರ, ಓಣಿ ತಿರುವೂದಿಲ್ಲ. ಕಿವಿ ಹೋದಾಕಿನ್ನ ಹಾಡ್ಲಿಕ್ಕೆ ಯಾರು ಕರೀತಾರ? ಕಿವುಡಿ ಶ್ರುತಿ ತಪ್ಪಿದ್ಲು ಅಂತ ಮೂಲ್ಯಾಗ ಕೂತು ನಗ್ತಾರ."

ನಾನು ಮಾತು ಕೊಟ್ಟೆ. ಬಾಯಿಂದ ಆಡುವುದಿಲ್ಲ ಎಂದು ಮಾತು ಕೊಟ್ಟೆ. ಕೈಯ ಮಾತು ಬರಲೇ ಇಲ್ಲ.

ಮರುದಿನದಿಂದ ಧೂಳು ಒರೆಸುವಾಗಲೆಲ್ಲ ಮೂರನೆಯ ಕಿವಿಯನ್ನು ಬಲಕ್ಕೆ ತಿರುವಿ ಇಡತೊಡಗಿದೆ. ಸಂಜೆ ಮಾವನವರು ಮುಸುಕು ತೆಗೆದು, ರೇಡಿಯೋ ಹಚ್ಚಿ, ಚಟಪಟ ಕೇಳಿ, ಅದನ್ನು ಎಡಕ್ಕೆ ತರುತ್ತಿದ್ದರು. ಮರುದಿನ ಮತ್ತೆ ಬಲಕ್ಕೆ. ಕೆಲವು ದಿನವಾದ ಮೇಲೆ ಕಂಬಕ್ಕೆ ಸುದ್ದಿ ಹೋಯಿತು. "ಧೂಳ ಒರಸೂದು ಅಂದ್ರ ಧೂಳ ಒರಸೂದು. ಕಿವಿ ಹಿಂಡೂ ಕೆಲಸ ನಾನು ಮೂವತ್ತು ವರ್ಷ ಮಾಡೀನಿ, ಇನ್ನೊಬ್ಬರು ಕಲಿಯೂದು ಬ್ಯಾಡ."

ನಾನು ಒಳಗಿನಿಂದ ಗಟ್ಟಿಯಾಗಿ ಹೇಳಿದೆ, "ಅತ್ತಿ, ಧೂಳ ಕಿವಿಯೊಳಗೂ ಕೂಡ್ತದಲ್ರಿ!" ಅತ್ತೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆಮೇಲೆ ಮಾವನವರು ಎಲೆ ಅಡಿಕೆಯ ಡಬ್ಬಿಯ ಸುಣ್ಣದಿಂದ ಆ ಕಿವಿಯ ಮೇಲೆ ಒಂದು ಚುಕ್ಕೆ ಇಟ್ಟರು. ಚುಕ್ಕೆ ಎಡಗಡೆ ಇರಬೇಕು ಎಂದು ಅರ್ಥ. ನಾನು ಒರೆಸುವಾಗ ಸುಣ್ಣವನ್ನೂ ಒರೆಸಿಬಿಟ್ಟೆ. ಧೂಳೂ ಬೆಳ್ಳಗೇ ಇರುತ್ತದೆ, ಯಾರೂ ತಪ್ಪು ಹಿಡಿಯುವ ಹಾಗಿಲ್ಲ. ಅವರು ಶಾಯಿಯಿಂದ ಚುಕ್ಕೆ ಇಟ್ಟರು. ಖಂಡೇ ನವಮಿ ಬಂತು. ಮನೆಯ ಈಳಿಗೆ, ಒಳಕಲ್ಲು, ಮಾವನವರ ಕತ್ತರಿ, ಎಲ್ಲಕ್ಕೂ ಪೂಜೆ. ರೇಡಿಯೋಕ್ಕೂ ಪೂಜೆ ಮಾಡುವುದು ನನ್ನ ಪಾಲಿಗೇ ಬಂತು. ಶಾಯಿಯ ಚುಕ್ಕೆಯ ಮೇಲೆ ದಪ್ಪಗೆ ಕುಂಕುಮ ಹಚ್ಚಿ, ಕಿವಿಯನ್ನು ಬಲಕ್ಕೆ ತಿರುವಿ, ಹೂವು ಏರಿಸಿ ಕೈ ಮುಗಿದೆ. ದೇವರು ಕೂತ ಜಾಗ ಕದಲಿಸುವ ಹಾಗಿಲ್ಲ, ಈಗೇನು ಮಾಡುತ್ತಾರೆ ನೋಡೋಣ ಎಂದು ಬಾಗಿಲ ಸಂದಿಯಲ್ಲಿ ಕಾದೆ. ಮಾವನವರು ಬಂದರು, ರೇಡಿಯೋಕ್ಕೆ ಭಕ್ತಿಯಿಂದ ನಮಸ್ಕಾರ ಮಾಡಿದರು, ಕುಂಕುಮ ಅಳಿಸದ ಹಾಗೆ ಎರಡು ಬೆರಳಿನಿಂದ ಕಿವಿಯ ಅಂಚು ಹಿಡಿದು ಎಡಕ್ಕೆ ತಿರುವಿದರು. ಮಾಸ್ತರರ ಬುದ್ಧಿಯೇ ಬುದ್ಧಿ.

ಈ ಯುದ್ಧದ ಸುದ್ದಿ ನಮ್ಮವರಿಗೂ ಗೊತ್ತಿತ್ತು. ನೀವಾದರೂ ಒಂದು ಮಾತು ಹೇಳ್ರಿ ಎಂದು ನಾನು ಗಂಟು ಬಿದ್ದೆ. "ರೇಡಿಯೋ ಅಪ್ಪಂದು, ಕಿವಿ ಅಪ್ಪಂದು. ನನಗ ಹುನಗುಂದದ ಬಸ್ಸಿಗೆ ತಡಾ ಆಗ್ತದ" ಎಂದು ಊಟದ ತಾಟಿನಿಂದ ಎದ್ದು ಹೋದರು. ಆ ಬಸ್ಸು ಹೊರಡಲು ಇನ್ನೂ ಬೇಕಾದಷ್ಟು ಹೊತ್ತಿತ್ತು.

ಹೀಗೆ ನಡೆದಿರುವಾಗ ಧಾರವಾಡದಿಂದ ನನ್ನ ನಾದಿನಿಯ ಕಾರ್ಡು ಬಂತು. ಅತ್ತೆಯವರ ಒಬ್ಬಳೇ ಮಗಳು, ಅಲ್ಲಿಗೇ ಕೊಟ್ಟಿದ್ದರು. ಬರುವ ವಾರ ಮಧ್ಯಾಹ್ನ ಹೆಣ್ಣುಮಕ್ಕಳ ಕಾರ್ಯಕ್ರಮದಲ್ಲಿ ಅವಳು ಧಾರವಾಡ ಕೇಂದ್ರದಿಂದ ಹಾಡುವವಳಿದ್ದಳು. ಹಾಡುವುದು ಬೇರೆ ಯಾವುದೂ ಅಲ್ಲ, ಅವ್ವ ಕಲಿಸಿದ ತೊಟ್ಟಿಲ ಹಾಡು. ಕಾರ್ಡನ್ನು ಮಾವನವರು ಕಂಬದ ಹತ್ತಿರ ನಿಂತು ಎಲ್ಲರಿಗೂ ಕೇಳುವಂತೆ ಓದಿದರು. ಓದಿದ ಮೇಲೆ ಒಂದು ಸಲ ಕೆಮ್ಮಿ, ಹೊಸ ಬ್ಯಾಟರಿ ತರುವುದಕ್ಕೆ ಅದೇ ದಿನ ಬಾಗಲಕೋಟೆಯ ಬಸ್ಸು ಹತ್ತಿದರು. ಓಣಿಗೆಲ್ಲ ಸುದ್ದಿ ಹಬ್ಬಿತು. ಎದುರು ಮನೆಯ ನೇಕಾರರು ಆ ಹೊತ್ತಿಗೆ ಮಗ್ಗ ನಿಲ್ಲಿಸುವುದಾಗಿ ತಾವೇ ಬಂದು ಹೇಳಿ ಹೋದರು.

ಎಲ್ಲರೂ ಹಿಗ್ಗಿದ್ದರು, ಒಬ್ಬರನ್ನು ಬಿಟ್ಟು. ಅತ್ತೆಯವರು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿದರು. "ನನ್ನ ಹಾಡು ಊರೆಲ್ಲ ಕೇಳ್ತದ" ಅಂದರು. "ನಾ ಒಬ್ಬಾಕಿನ್ನ ಬಿಟ್ಟು."

"ನಾ ಇದ್ದೇನಲ್ರಿ ಅತ್ತಿ. ಅವತ್ತ ಆ ಕಿವಿ ಬಲಕ್ಕ ಇರ್ತದ. ನನ್ನ ಮ್ಯಾಲ ಬಿಡ್ರಿ" ಅಂದೆ. ಹೇಳುವುದು ಸುಲಭ. ಆ ದಿನ ಮಾವನವರು ಬೆಳಗಿನಿಂದಲೇ ರೇಡಿಯೋದ ಪಕ್ಕ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಧೂಳನ್ನೂ ತಾವೇ ಒರೆಸಿದರು.

ಮಧ್ಯಾಹ್ನಕ್ಕೆ ಮನೆ ತುಂಬಿತು. ಪಡಸಾಲೆಯಲ್ಲಿ ಗಂಡಸರು, ನಡುಮನೆಯಲ್ಲಿ ಹೆಂಗಸರು. ನಮ್ಮವರು ಕೂಡ ರಜೆ ಹಾಕಿ ಬಾಗಿಲ ಹತ್ತಿರ ನಿಂತಿದ್ದರು, ಜಗಳವಾದರೆ ಹೊರಗೆ ಹೋಗಲು ಅನುಕೂಲವಾಗಲಿ ಎಂದು. ಮಗ್ಗಗಳು ನಿಂತ ಓಣಿ ಎಂದೂ ಇರದಷ್ಟು ಶಾಂತವಾಗಿತ್ತು. ಅತ್ತೆಯವರು ಹೊಸ ಸೀರೆ ಉಟ್ಟು, ಹೊಸ್ತಿಲಿನ ಒಳಗೆ ಬಾಗಿಲ ಚೌಕಟ್ಟಿಗೆ ಒರಗಿ ಕೂತಿದ್ದರು. ನಾನು ಅವರ ಹಿಂದೆ. ಮಾವನವರು ಮುಸುಕು ತೆಗೆದರು, ಧಾರವಾಡ ಹಿಡಿದರು. ಮೂರನೆಯ ಕಿವಿಯ ಮೇಲೆ ಕೈ ಇಟ್ಟು ಒಂದು ಸಲ ಹೊಸ್ತಿಲ ಕಡೆ ನೋಡಿದರು. ಆಮೇಲೆ ಅದನ್ನು ಎಡಕ್ಕೆ, ಇನ್ನು ತಿರುಗುವುದಿಲ್ಲ ಅನ್ನುವಷ್ಟು ಎಡಕ್ಕೆ ತಿರುವಿದರು. ಎಂದೂ ಅಷ್ಟು ತಿರುವಿದವರಲ್ಲ. ನನಗೆ ಮೈಯೆಲ್ಲ ಉರಿಯಿತು. ಎರಡು ಕೈಯ ಬಳೆಗಳನ್ನೂ ಜೋರಾಗಿ ಅಲುಗಿಸಿದೆ. ಮುಂದೆ ಕೂತಿದ್ದ ಗಂಡಸರೆಲ್ಲ ಹಿಂದೆ ತಿರುಗಿ ನೋಡಿದರು, ಮಾವನವರೊಬ್ಬರು ನೋಡಲಿಲ್ಲ.

ಹೊಸ ಬ್ಯಾಟರಿಯ ಕಸುವಿಗೆ ಪೆಟ್ಟಿಗೆ ಗುಂಯ್‌ಗುಡತೊಡಗಿತು. ಹಾರ್ಮೋನಿಯಂ ಕೆರೆಯ ತಳದಲ್ಲಿ ಕೂತು ಬಾರಿಸಿದಂತಿತ್ತು. ಅದರೊಳಗೆ ಎಲ್ಲೋ ನನ್ನ ನಾದಿನಿಯ ದನಿ ಮುಳುಗುತ್ತ ಏಳುತ್ತ ಇತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅತ್ತೆಯವರ ಮುಖದಲ್ಲಿ ಒಂದು ನಗು ಇತ್ತು. ಆ ನಗುವಿನ ಗುರುತು ನನಗಿತ್ತು. ಮಾತು ಕೇಳಿಸದಿದ್ದಾಗ ಅವರು ಇಟ್ಟುಕೊಳ್ಳುವ ನಗು ಅದು. ಮೊದಲ ನುಡಿ ಮುಗಿದು ಎರಡನೆಯದು ಹಿಡಿದಿದ್ದಳು ನಾದಿನಿ. ಅತ್ತೆಯವರು ನಗು ಹಾಗೇ ಇಟ್ಟುಕೊಂಡು ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು.

"ಶುರು ಆತೇನವಾ?"

ಬಾಗಲಕೋಟೆಯಲ್ಲಿ ಬಿಟ್ಟು ಬಂದಿದ್ದ ಬಾಯಿ ಅದೇ ಗಳಿಗೆಗೆ ಇಳಕಲ್ಲಿಗೆ ಬಂದು ಮುಟ್ಟಿತು. ಎದ್ದೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ, ಹೊಸ್ತಿಲು ದಾಟಿ ಪಡಸಾಲೆಯ ನಡುವೆ, ಗಂಡಸರೆಲ್ಲರ ಎದುರು ನಿಂತೆ.

"ಮಾವನವರ, ಆ ಮೂರನೇ ಕಿವಿ ಬಲಕ್ಕ ತಿರುವ್ರಿ. ಅತ್ತಿಗೆ ಕೇಳಸವಲ್ದು!"

ಕೊಟ್ಟ ಮಾತೂ ಹೋಯಿತು, ರಿವಾಜೂ ಹೋಯಿತು. ನಮ್ಮವರು ಬಾಗಿಲಿನಿಂದ ಅರ್ಧ ಹೊರಗೆ ಹೋಗಿದ್ದರು. ಮಾವನವರು ರೂಢಿಯ ಬಲದಿಂದ ಮೊದಲು ಕಂಬವನ್ನು ನೋಡಿದರು. ಕಂಬ ಏನೂ ಹೇಳಲಿಲ್ಲ. ಆಮೇಲೆ ಹೊಸ್ತಿಲ ಒಳಗೆ ಕೂತಿದ್ದ ಹೆಂಡತಿಯನ್ನು ನೋಡಿದರು. ಅವರ ಕೈ ಕಿವಿಯ ಮೇಲೆ ಹೋಗಿ ಬಲಕ್ಕೆ ಹೊರಳಿತು.

ದನಿ ನೀರಿನಿಂದ ಮೇಲೆದ್ದು ಬಂತು. ಚಟಪಟ ಸದ್ದಿನ ನಡುವೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಆರಿಸಿದ ಅಕ್ಕಿಯ ಹಾಗೆ. ಅತ್ತೆಯವರ ಮುಖದಿಂದ ಆ ಸುಳ್ಳು ನಗು ಬಿದ್ದುಹೋಯಿತು. ಬಾಯಿ ಸ್ವಲ್ಪ ತೆರೆಯಿತು. ಬೆರಳುಗಳು ಮೊಣಕಾಲ ಮೇಲೆ ತಾಳ ಹಾಕತೊಡಗಿದವು. ಕಣ್ಣಿಂದ ನೀರು ಇಳಿದದ್ದನ್ನು ಅವರು ಒರೆಸಿಕೊಳ್ಳಲೂ ಇಲ್ಲ. ಆಗ ಮಾವನವರು ನನ್ನ ಕಡೆ ತಿರುಗಿದರು. ಕಂಬದ ಕಡೆ ಅಲ್ಲ, ನೇರವಾಗಿ ನನ್ನ ಕಡೆ.

"ಇನ್ನೊಂದೀಟು ತಿರುವಲೇನವಾ?" ಅಂದರು.

ಅವರು ನನ್ನ ಜೊತೆ ಆಡಿದ ಮೊಟ್ಟಮೊದಲ ಮಾತು ಅದು. "ಅಲ್ಲಿಗೇ ಮುಗೀತ್ರಿ, ಇನ್ನ ತಿರುಗೂದಿಲ್ಲ" ಅಂದೆ.

ಅಷ್ಟರಲ್ಲಿ ಹೊಸ್ತಿಲಿನಿಂದ ಒಂದು ಕೂಗು ಬಂತು. "ಅಯ್ಯ ಇಕಿನ! ಮೂರನೇ ನುಡಿ ನುಂಗಿ ನಾಕನೇದಕ್ಕ ಹೋದ್ಲಲ್ಲ!" ಎಲ್ಲರೂ ತಿರುಗಿ ನೋಡುವಷ್ಟರಲ್ಲಿ ಅತ್ತೆಯವರು ಬಿಟ್ಟುಹೋದ ನುಡಿಯನ್ನು ತಾವೇ ಎತ್ತಿಕೊಂಡು ಹಾಡತೊಡಗಿದ್ದರು. ರೇಡಿಯೋದಲ್ಲಿ ಮಗಳು ನಾಲ್ಕನೆಯ ನುಡಿ, ಹೊಸ್ತಿಲಲ್ಲಿ ಅವ್ವ ಮೂರನೆಯ ನುಡಿ. ಶ್ರುತಿ ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ. ಧಾರವಾಡದವರು ಹಾಡು ಮುಗಿಸಿ ಬೇರೆ ಏನೋ ಹೇಳತೊಡಗಿದರೂ ನಮ್ಮ ಮನೆಯಲ್ಲಿ ಹಾಡು ನಡೆದೇ ಇತ್ತು. ಎದುರು ಮನೆಯ ನೇಕಾರರು, "ಮಾಸ್ತರ, ಆ ಪೆಟಗಿ ಬಂದ್ ಮಾಡ್ರಿ, ಇದ ಚಲೋ ಐತಿ" ಅಂದರು.

ಮುಂದಿನ ವಾರವೇ ಹಿಂದಿನ ಓಣಿಯಲ್ಲಿ ಒಂದು ಕೂಸಿಗೆ ಹೆಸರಿಡುವುದಿತ್ತು. ಅತ್ತೆಯವರನ್ನು ಕರೆಯುವುದಕ್ಕೆ ಇಬ್ಬರು ಬಂದರು. ಒಬ್ಬಳು ಅವರ ಎದುರಿಗೆ ಹತ್ತಿರ ಕೂತು, ಬಾಯಿ ಬಿಡಿಸಿ, ನಿಧಾನವಾಗಿ ಕರೆದಳು. ಅಷ್ಟೇ ವ್ಯತ್ಯಾಸ. ಓಣಿ ಅವರು ಅಂದುಕೊಂಡಷ್ಟು ಕೆಟ್ಟದ್ದಿರಲಿಲ್ಲ.

ಆದರೆ ಆ ದಿನದ ಕಥೆ ಇನ್ನೂ ಸ್ವಲ್ಪ ಉಳಿದಿದೆ. ಮಂದಿಯೆಲ್ಲ ಎದ್ದುಹೋದ ಮೇಲೆ, ಚುರುಮುರಿ ಹಾಕಿಕೊಟ್ಟ ತಾಟುಗಳನ್ನು ನಾನು ಒಟ್ಟುಮಾಡುತ್ತಿದ್ದೆ. ಮಾವನವರು ರೇಡಿಯೋದ ಮುಂದಿನ ಕುರ್ಚಿ ಬಿಟ್ಟು ಬಂದು ಹೊಸ್ತಿಲ ಹತ್ತಿರ ನಿಂತರು. ನಾನಿದ್ದೇನೆ ಎಂಬುದನ್ನೂ ಲೆಕ್ಕಿಸದೆ ಹೆಂಡತಿಗೆ ಹೇಳಿದರು.

"ನೀನ ಹೇಳಿದ್ದಿಯಲ್ಲ, ಸಣ್ಣ ದನಿ ಚುಚ್ಚತದ, ತಲಿ ಸಿಡೀತದ ಅಂತ. ಅದಕ್ಕ ನಾ ಎಡಕ್ಕ ಇಳಿಸಿ ಇಡ್ತಿದ್ದೆ. ಇವತ್ತು ಹೊತ್ತು ಭಾಳ ಕೂಡ್ತಿ, ತ್ರಾಸ ಆಗಬಾರದು ಅಂತ ಪೂರಾ ಇಳಿಸಿದೆ."

ನನ್ನ ಕೈಯ ತಾಟು ಕೈಯಲ್ಲೇ ಉಳಿಯಿತು. ಗಂಭೀರ ಅಂದದ್ದು, ಸುಣ್ಣದ ಚುಕ್ಕೆ, ಶಾಯಿಯ ಚುಕ್ಕೆ, ಎಲ್ಲ ಇದಕ್ಕಾಗಿ! ಹೆಂಡತಿಗೆ ತಲೆ ನೋಯುತ್ತದೆ ಎಂದು ಓಣಿಯ ಮುಂದೆ ಹೇಳಲು ನಾಚಿಕೆಪಟ್ಟು, ದೇಶದ ಸುದ್ದಿಗೇ ದಪ್ಪ ದನಿ ಕೊಟ್ಟ ಮನುಷ್ಯ.

"ನಾ ಹೇಳಿದ್ನಾ? ಯಾವಾಗ?" ಅತ್ತೆಯವರು ಕಣ್ಣು ಅಗಲಿಸಿದರು.

"ಪೆಟ್ಟಿಗಿ ತಂದ ದಿವಸ. ಹಚ್ಚಿದ ಕೂಡಲೇ ದವಡಿ ಹಿಡ್ಕೊಂಡು, ಬಂದ್ ಮಾಡ್ರಿ, ಚುಚ್ಚತದ ಅಂದಿ."

ಅತ್ತೆಯವರು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡರು. ಆಮೇಲೆ ಎಡಗೆನ್ನೆಯ ಮೇಲೆ ಕೈ ಇಟ್ಟುಕೊಂಡರು. "ಅಯ್ಯ ಶಿವನ! ಆವತ್ತ ನನಗ ಹಲ್ಲ್ ಬ್ಯಾನಿ ಆಗಿತ್ತಲ್ರಿ! ಮರುದಿನ ದವಾಖಾನಿಗೆ ಹೋಗಿ ಕೀಳಿಸ್ಕೊಂಡು ಬರಲಿಲ್ಲೇನು?"

ಮಾವನವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಷ್ಟು ಖರ್ಜದ ಮನುಷ್ಯನ ನಗು ಇಲಿಯ ಹಾಗೆ ಕಿಚಿಕಿಚಿ ಇತ್ತು. ಅದನ್ನು ಕೇಳಿ ನನಗೆ ಇನ್ನೂ ನಗು ಬಂತು. ನಮ್ಮವರು ಹೊರಗಿನಿಂದ ಇಣುಕಿ, ಯಾರೂ ಜಗಳವಾಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಒಳಗೆ ಬಂದರು.

ಕೆಲವು ವರ್ಷಗಳ ಮೇಲೆ ಓಣಿಗೆ ಕರೆಂಟು ಬಂತು, ಬೇರೆ ರೇಡಿಯೋ ಬಂತು. ಅದಕ್ಕೂ ಒಂದು ಮೂರನೆಯ ಕಿವಿ ಇತ್ತು. ಅತ್ತೆಯವರ ಜಾಗ ಹೊಸ್ತಿಲಿನಿಂದ ಪಡಸಾಲೆಗೆ, ಕಂಬಕ್ಕೆ ಒರಗಿ ಕೂಡುವಷ್ಟು ಹತ್ತಿರಕ್ಕೆ ಬಂದಿತ್ತು. ಕಂಬಕ್ಕೂ ಬೇರೆ ಕೆಲಸ ಉಳಿದಿರಲಿಲ್ಲ. ದಿನವೂ ಸಂಜೆ ಮಾವನವರು ಮುಸುಕು ತೆಗೆದು, ಆ ಕಿವಿಯ ಮೇಲೆ ಕೈ ಇಟ್ಟು, ಓಣಿಯ ಮಂದಿ ಎಷ್ಟೇ ಕೂತಿರಲಿ, ಹೆಂಡತಿಯ ಕಡೆ ತಿರುಗಿ ಕೇಳುತ್ತಿದ್ದರು.

"ಇವತ್ತ ಹಲ್ಲು ಹ್ಯಾಂಗದ?"

"ಚಲೋ ಅದ" ಅನ್ನುತ್ತಿದ್ದರು ಅತ್ತೆಯವರು. "ತಿರುವ್ರಿ."